ಎಲ್ಕ್ ಬೇಟೆಗೆ .300 ವಿನ್ ಮ್ಯಾಗ್ ಸಾಕಾ, .338 ಬೇಕಾ? ದೂರದ ಹೊಡೆತಕ್ಕೆ ತೋಟಾ, ಗುಂಡು ಆರಿಸುವ ಬಗ್ಗೆ

ಕಿಗ್ಗಟ್ಟುನಾಡು (ಫೋರ್ಟ್ ಕಾಲಿನ್ಸ್, ಕೊಲೊರಾಡೊ)

ಎಲ್ಲರಿಗೂ ನಮಸ್ಕಾರ. ಊರು ಪೊನ್ನಂಪೇಟೆ ಹತ್ತಿರ. ಈ ವರ್ಷ ಲಾಟರಿ ಡ್ರಾದಲ್ಲಿ ನನಗೆ ಮೂರನೇ ರೈಫಲ್ ಸೀಸನ್ನಿನ ಹೆಣ್ಣು ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ ಜಾತಿ) ಟ್ಯಾಗ್, ಅಂದರೆ ಬೇಟೆಯ ಪರವಾನಗಿ, ಸಿಕ್ಕಿದೆ, ಮೀಕರ್ ಆಚೆಯ ಗುಡ್ಡಗಳಲ್ಲಿ. ಹೋದ ವರ್ಷ ಗೆಳೆಯನ ಜೊತೆ ಬರೀ ನೋಡಲಿಕ್ಕೆ ಹೋಗಿದ್ದೆ. ಬೆಳಗಿನ ಜಾವ ಎದುರಿನ ಇಳಿಜಾರಲ್ಲಿ ನಲವತ್ತರಷ್ಟು ಎಲ್ಕ್ ಮೇಯುತ್ತಿದ್ದವು. ರೇಂಜ್‌ಫೈಂಡರ್ ಒತ್ತಿದರೆ 620 ಗಜ. ನಡುವೆ ಒಂದು ಪೊದೆಯೂ ಇಲ್ಲ, ಹತ್ತಿರ ಹೋಗಲು ದಾರಿಯೂ ಕಾಣಲಿಲ್ಲ. ಗೆಳೆಯ ಹೊಡೆಯಲಿಲ್ಲ. ಆ ನೋಟ ಇನ್ನೂ ಕಣ್ಣಲ್ಲೇ ಇದೆ.

ಕೋವಿ ನನಗೆ ಹೊಸದಲ್ಲ. ಕೈಲ್ ಪೊಳ್ದ್ (ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ) ದಿನ ಅಜ್ಜನ ಜೋಡಿನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವ ಕೆಲಸ ಚಿಕ್ಕಂದಿನಲ್ಲಿ ನನ್ನದೇ. ದೊಡ್ಡವನಾದ ಮೇಲೆ ತೆಂಗಿನಕಾಯಿಗೆ ಈಡು ಹೊಡೆಯುವ ಪೈಪೋಟಿಯಲ್ಲೂ ನಿಂತಿದ್ದೇನೆ. ಆದರೆ ಅದೆಲ್ಲ ಕಣ್ಣೆದುರಿನ ಗುರಿ. ಇಲ್ಲಿನ ದೂರ ಬೇರೆಯೇ ಲೆಕ್ಕ.

ಈಗ ಕೈಯಲ್ಲಿರುವುದು .30-06 ತೋಟಾದ ರೈಫಲ್. ಅಂಗಡಿಯವರು .338 ಲಾಪುವಾ ಮ್ಯಾಗ್ನಮ್ (ಮದ್ದು ಹೆಚ್ಚು ಹಿಡಿಸುವ ದೊಡ್ಡ ತೋಟಾ) ತೋರಿಸಿ "ಇದಿದ್ದರೆ ಸಾವಿರ ಗಜಕ್ಕೂ ಯೋಚನೆ ಇಲ್ಲ" ಅಂದರು. ಗೆಳೆಯ .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ಅನ್ನುತ್ತಾನೆ. ಅವನ ಅಣ್ಣ .300 ಪಿಆರ್‌ಸಿ ಅನ್ನುತ್ತಾನೆ. ಗುಂಡುಗಳ ಪೆಟ್ಟಿಗೆಗಳನ್ನು ನೋಡಿದರೆ ಹೆಸರುಗಳೇ ಇಪ್ಪತ್ತು. ಅನುಭವ ಇರುವವರು ಹೇಳಿ, ಯಾವುದು ತಗೊಳ್ಳಲಿ?

ತೂಕಬಟ್ಟು (ಬೋಯಿಸಿ, ಐಡಾಹೊ)

ಟ್ಯಾಗ್ ಸಿಕ್ಕಿದ್ದಕ್ಕೆ ಅಭಿನಂದನೆ. ನಾನು ಹದಿನಾಲ್ಕು ವರ್ಷದಿಂದ ನನ್ನ ತೋಟಾಗಳನ್ನು ನಾನೇ ತುಂಬಿಕೊಳ್ಳುತ್ತೇನೆ, ಅಷ್ಟು ಅನುಭವದ ಮೇಲೆ ಹೇಳುವುದು.

ನೀವು ಪ್ರಶ್ನೆಯನ್ನು ತೋಟಾದಿಂದ (ಕೊಳವೆ, ಮದ್ದು, ಗುಂಡು ಎಲ್ಲ ಸೇರಿದ್ದು; ಗುಂಡು ಅಂದರೆ ಹಾರಿಹೋಗುವ ತುದಿ ಮಾತ್ರ) ಶುರು ಮಾಡಿದ್ದೀರಿ. ಎಲ್ಕ್ ಕಡೆಯಿಂದ ಶುರು ಮಾಡಿ. ಅದರ ಪಕ್ಕೆಗೆ ನಿಮ್ಮ ಗುಂಡು ಮುಟ್ಟುವ ಹೊತ್ತಿಗೆ ಎಷ್ಟು ವೇಗ ಉಳಿದಿರುತ್ತದೆ? ಆ ವೇಗದಲ್ಲಿ ಆ ಗುಂಡು ಅರಳುತ್ತದಾ? ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ತೋಟಾದ ಹೆಸರು ತಾನಾಗಿ ಬರುತ್ತದೆ.

ಬೇಟೆಯ ಗುಂಡು ಕೆಲಸ ಮಾಡುವುದು ಅಣಬೆಯ ಹಾಗೆ ಅರಳಿ. ತುದಿ ಬಿಚ್ಚಿಕೊಂಡು ವ್ಯಾಸ ಹೆಚ್ಚುಕಡಿಮೆ ಎರಡರಷ್ಟಾಗಿ, ಶ್ವಾಸಕೋಶದಲ್ಲಿ ಅಗಲವಾದ ದಾರಿ ಮಾಡುತ್ತದೆ. ಹಾಗೆ ಬಿಚ್ಚಿಕೊಳ್ಳಲು ಇಷ್ಟು ವೇಗ ಬೇಕೇ ಬೇಕು ಎಂಬ ಮಿತಿ ಒಂದಿದೆ. ನೋಸ್ಲರ್ ಪಾರ್ಟಿಶನ್, ಅಕ್ಯುಬಾಂಡ್‌ಗೆ ಅದು ಸೆಕೆಂಡಿಗೆ 1800 ಅಡಿ. ಹಾರ್ನಡಿ ಇಎಲ್‌ಡಿ-ಎಕ್ಸ್‌ಗೆ ಸುಮಾರು 1600. ಅಕ್ಯುಬಾಂಡ್ ಲಾಂಗ್ ರೇಂಜ್‌ಗೆ 1300. ಪೂರ್ತಿ ತಾಮ್ರದ ಗುಂಡುಗಳಲ್ಲಿ ಹೆಚ್ಚಿನವು 1800ರಿಂದ 2000 ಕೇಳುತ್ತವೆ, ದೂರಕ್ಕೆಂದೇ ಮಾಡಿದವು ಅದಕ್ಕಿಂತ ಕೆಳಗೂ ಅರಳುತ್ತವೆ.

ಈಗ ನಿಮ್ಮ .30-06 ನೋಡಿ. 178 ಗ್ರೇನ್ (ಗುಂಡಿನ ತೂಕದ ಅಳತೆ) ಇಎಲ್‌ಡಿ-ಎಕ್ಸ್ ನಳಿಗೆಯಿಂದ 2750 ಅಡಿ ವೇಗದಲ್ಲಿ ಹೊರಟರೆ 500 ಗಜದಲ್ಲಿ 1970ರ ಆಸುಪಾಸು ಉಳಿಯುತ್ತದೆ, ಶಕ್ತಿ 1500 ಅಡಿ-ಪೌಂಡ್. .300 ವಿನ್ ಮ್ಯಾಗ್‌ನಲ್ಲಿ 200 ಗ್ರೇನ್ ಅದೇ ಗುಂಡು 2860ರಲ್ಲಿ ಹೊರಟು 500 ಗಜದಲ್ಲಿ 2075 ಉಳಿಸಿಕೊಳ್ಳುತ್ತದೆ, ಶಕ್ತಿ 1900. ವೇಗದ ಲೆಕ್ಕದಲ್ಲಿ ಮ್ಯಾಗ್ನಮ್ ನಿಮಗೆ ಕೊಡುವುದು ಸುಮಾರು 70 ಗಜ. ನೂರು ಗಜವೂ ಅಲ್ಲ. ಜೊತೆಗೆ ಗುಂಡು ಭಾರ, ಅದು ನಿಜವಾದ ಲಾಭ. 1906ರ ತೋಟಾವನ್ನು ಹಳೆಯದು ಅಂತ ಮೂಲೆಗೆ ಸರಿಸುವ ಮೊದಲು ಈ ಲೆಕ್ಕ ಒಮ್ಮೆ ಮಾಡಿ ನೋಡಿ.

ಕೊಲೊರಾಡೊ ಕಾನೂನು ಕೇಳುವುದು ಇದಕ್ಕಿಂತ ಬಹಳ ಕಡಿಮೆ: .24 ಕ್ಯಾಲಿಬರ್ ಅಥವಾ ಅದಕ್ಕಿಂತ ದೊಡ್ಡದು, ಅರಳುವ ಗುಂಡು, ಎಲ್ಕ್‌ಗೆ ಕನಿಷ್ಠ 85 ಗ್ರೇನ್, 100 ಗಜದಲ್ಲಿ 1000 ಅಡಿ-ಪೌಂಡ್. ಕಾನೂನು ಒಪ್ಪಿತು ಅಂದ ಮಾತ್ರಕ್ಕೆ ಅದು ದೂರದ ಎಲ್ಕ್‌ಗೆ ಸಾಕು ಅಂತಲ್ಲ.

ಗಾಳಿಮಾತು_ವಯೋಮಿಂಗ್

ತೂಕಬಟ್ಟು ಸರ್ ಹೇಳಿದ್ದು ಸರಿ, ಆದರೆ .338ರ ಪರವಾಗಿ ಯಾರಾದರೂ ಮಾತಾಡಬೇಕಲ್ಲ. .338 ಲಾಪುವಾ ನಳಿಗೆಯ ಬಾಯಲ್ಲಿ 4800 ಅಡಿ-ಪೌಂಡ್ ಹತ್ತಿರ ಕೊಡುತ್ತದೆ, .300 ವಿನ್ ಮ್ಯಾಗ್ ಕೊಡುವುದು 3600. 285, 300 ಗ್ರೇನ್ ಗುಂಡುಗಳು ಗಾಳಿಗೆ ಕಡಿಮೆ ಒಲೆಯುತ್ತವೆ. ದುಡ್ಡಿದ್ದರೆ, ಭಾರ ಹೊರುವ ಮೈಯಿದ್ದರೆ, ಏಕೆ ಬೇಡ? ನಾನು .300 ಪಿಆರ್‌ಸಿ ಇಟ್ಟುಕೊಂಡಿದ್ದೇನೆ. 212 ಗ್ರೇನ್ ಗುಂಡು ಎಂಟು ಸಾವಿರ ಅಡಿ ಎತ್ತರದ ತೆಳು ಗಾಳಿಯಲ್ಲಿ 800 ಗಜದಲ್ಲೂ 1900 ದಾಟುತ್ತದೆ. ಲೇಸರ್ ದೂರ ಹೇಳುತ್ತದೆ, ಗಾಳಿಮಾಪಕ ಒತ್ತಡ ಮತ್ತು ಉಷ್ಣತೆ ಹೇಳುತ್ತದೆ, ಫೋನು ಸ್ಕೋಪಿನ ತಿರುಪು ಎಷ್ಟು ಕ್ಲಿಕ್ ತಿರುಗಿಸಬೇಕು ಅಂತ ಹೇಳುತ್ತದೆ. ನಾನು ಹೊಡೆದಿದ್ದೇನೆ, ಬಿದ್ದಿದೆ. ಸಾಧನ ಇದ್ದೂ 300 ಗಜಕ್ಕೆ ಕಟ್ಟಿಹಾಕಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕರಿಮಣ್ಣು (ಮೊಂಟಾನಾ)

ನಮಸ್ಕಾರ್ರಿ. ನಮ್ಮೂರು ಧಾರವಾಡ ಕಡೆ, ಮೊಂಟಾನಾದಾಗ ಹನ್ನೊಂದು ವರ್ಷ ಆತು. .338 ಬಗ್ಗೆ ಮಾತು ಬಂತು ಅಂದಮ್ಯಾಲೆ ಸುಮ್ಮನಿರಾಕ ಆಗಲಿಲ್ಲ. ಇದನ್ನ ಇಲ್ಲೀತನಕ ಎಲ್ಲೂ ಬರದಿಲ್ಲ, ಈ ಹುಡುಗನ ಸಲುವಾಗಿ ಬರೀತೀನಿ.

ನಾಲ್ಕು ವರ್ಷದ ಹಿಂದ ನಂದೂ ಇದ ಆಸೆ ಇತ್ತು. .338 ಲಾಪುವಾ ತಗೊಂಡೆ. ಗುಂಡು ಪೂರ್ತಿ ತಾಮ್ರದ್ದು, ಗಟ್ಟಿ, ಭಾರ. ಎಲ್ಕ್ ಅಂದ್ರ ದೊಡ್ಡ ಪ್ರಾಣಿ, ಗಟ್ಟಿ ಗುಂಡು ಬೇಕು ಅಂತ ತಿಳಕೊಂಡಿದ್ದೆ. ಆ ಗುಂಡು ಅರಳಾಕ ಎಷ್ಟು ವೇಗ ಬೇಕು ಅಂತ ಪೆಟ್ಟಿಗಿ ಮ್ಯಾಲೆ ಬರದಿದ್ದಿಲ್ಲ, ನಾನೂ ಹುಡುಕಲಿಲ್ಲ. ಒಂದು ಗಂಡು, 780 ಗಜ, ಅಡ್ಡ ನಿಂತಿತ್ತು. ಹೊಡದೆ. ಸ್ಕೋಪಿನಾಗ ಕಂಡಿತು, ಗುಂಡು ಭುಜದ ಹಿಂದ ಸರಿಯಾದ ಜಾಗಕ್ಕ ಬಿತ್ತು. ಎಲ್ಕ್ ಒಂದು ಸಲ ಬೆನ್ನು ಗೂನು ಮಾಡಿತು, ನಡಕೊಂತ ಗಿಡದೊಳಗ ಹೋತು.

ಅಲ್ಲಿಗೆ ಮುಟ್ಟಾಕ ನನಗ ಒಂದೂವರಿ ತಾಸು ಹಿಡೀತು. ಹಿಮದಾಗ ರಕ್ತ ಇತ್ತು, ಆದ್ರ ಎಷ್ಟು? ಕುಂಕುಮ ಚಿಮುಕಿಸಿದಷ್ಟು, ಹತ್ತು ಹೆಜ್ಜಿಗೊಂದು ಹನಿ. ಕತ್ತಲಾತು. ರಾತ್ರಿ ನಿದ್ದಿ ಬರಲಿಲ್ಲ. ಮರುದಿನ ಮಧ್ಯಾಹ್ನ ಸಿಕ್ತು, ಎರಡು ಮೈಲಿ ಆಚೆ ಒಂದು ಹಳ್ಳದಾಗ. ಕಾಗಿ ಮುಕರಿದ್ವು. ಮಾಂಸ ಹೊಟ್ಟಿ ಕಡೆಯಿಂದ ಕೆಟ್ಟಿತ್ತು. ತೊಗಲು ಸುಲದು ನೋಡಿದೆ. ಒಳಗ ಹೋದ ತೂತು ಕಿರುಬೆರಳಿನ ತುದಿಯಷ್ಟು. ಹೊರಗ ಬಂದ ತೂತೂ ಅಷ್ಟ. ಒಂದ ಅಳತಿ. ಗುಂಡು ಅರಳೇ ಇಲ್ಲ, ದಬ್ಬಣ ಹೊಲದಂಗ ಈ ಕಡೆಯಿಂದ ಆ ಕಡೆ ದಾಟಿ ಹೋಗಿತ್ತು.

ಜಗತ್ತಿನಾಗ ಸಿಗೋ ದೊಡ್ಡ ತೋಟಾದೊಳಗ ಅದೂ ಒಂದು. ಅದಕ್ಕ ಮಿಲಿಟರಿ ಸ್ನೈಪರ್‌ಗಳ ಸಲುವಾಗಿ ಹುಟ್ಟಿದ ಹೆಸರು ಐತಿ. ಆ ಎಲ್ಕ್‌ಗೆ ಅದರಿಂದ ಏನೂ ಸಹಾಯ ಆಗಲಿಲ್ಲ. ಅದು ಒಂದು ರಾತ್ರಿ ಪೂರ್ತಿ ನನ್ನ ತಪ್ಪು ಹೊತ್ತುಕೊಂಡು ಮಲಗಿತ್ತು. ರೈಫಲ್ ಮಾರಿದೆ. ನನ್ನ ಮಾತು ಕೇಳು ತಮ್ಮ, ಗುಂಡು ಮೊದಲು ನೋಡು.

ಕಿಗ್ಗಟ್ಟುನಾಡು

ಅಣ್ಣಾ, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಒಂದು ಸಂಶಯ. ಹಾಗಿದ್ದರೆ ಮೆತ್ತನೆಯ ಗುಂಡು ತಗೊಂಡರೆ ಆಯ್ತಲ್ಲ? ಗುರಿ ಸ್ಪರ್ಧೆಯ ಮ್ಯಾಚ್ ಗುಂಡುಗಳು ಕಡಿಮೆ ವೇಗದಲ್ಲೂ ಒಡೆಯುತ್ತವೆ ಅಂತ ಓದಿದ್ದೆ.

ತೂಕಬಟ್ಟು

ಒಡೆಯುತ್ತವೆ. ಹತ್ತಿರದಲ್ಲೂ ಒಡೆಯುತ್ತವೆ, ಕಷ್ಟ ಇರುವುದು ಅಲ್ಲೇ. ನೀವು 600 ಗಜಕ್ಕೆ ಅಂತ ತಯಾರಾಗಿ ಹೋಗುತ್ತೀರಿ, ಆಸ್ಪೆನ್ ತೋಪಿನಲ್ಲಿ ತಿರುವು ದಾಟಿದ ಕೂಡಲೇ 40 ಗಜದಲ್ಲಿ ಎಲ್ಕ್ ಎದುರಿಗೆ. 2800 ಅಡಿ ವೇಗದಲ್ಲಿ ತೆಳು ಹೊದಿಕೆಯ ಗುಂಡು ಭುಜದ ಮೂಳೆಗೆ ಬಡಿದರೆ ಮೇಲೆಯೇ ಚೂರಾಗಿ, ಒಳಗೆ ಮುಟ್ಟದೆ, ಅಂಗೈಯಗಲ ಗಾಯ ಮಾಡಿ ನಿಲ್ಲುವ ಅಪಾಯ ಇದೆ. ಸಿಯೆರಾ ಕಂಪನಿ ತನ್ನ ಮ್ಯಾಚ್‌ಕಿಂಗ್ ಗುಂಡನ್ನು ಬೇಟೆಗೆ ಬಳಸಬೇಡಿ ಅಂತಲೇ ಹೇಳುತ್ತದೆ. ಬಳಸಿ ಚೆನ್ನಾಗಿ ಫಲ ಕಂಡವರೂ ಇದ್ದಾರೆ, ನಾನು ಇಲ್ಲ ಅನ್ನುವುದಿಲ್ಲ. ಮೊದಲ ಎಲ್ಕ್‌ಗೆ ನಾನು ಅದನ್ನು ಕೈಗೆ ಕೊಡಲಾರೆ.

ಇದೇ ತೊಂದರೆಯಿಂದಲೇ ಪಾರ್ಟಿಶನ್ ಗುಂಡು ಹುಟ್ಟಿದ್ದು. 1946ರಲ್ಲಿ ಜಾನ್ ನೋಸ್ಲರ್ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ದೊಡ್ಡ ಜಿಂಕೆ ಜಾತಿ) ಬೇಟೆಗೆ ಹೋಗಿದ್ದರು, ಕೈಯಲ್ಲಿ .300 ಎಚ್ ಆಂಡ್ ಎಚ್ (ಹಾಲೆಂಡ್ ಆಂಡ್ ಹಾಲೆಂಡ್). ಮೂಸ್ ಮೈಗೆ ಒಣಗಿದ ಕೆಸರು ಮೆತ್ತಿತ್ತು. ಗುಂಡುಗಳು ಮೇಲೆಯೇ ಒಡೆದವು, ಒಳಗೆ ಇಳಿಯಲಿಲ್ಲ. ಆಮೇಲೆ ಅವರು ಮಾಡಿದ ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ. ಮುಂದಿನ ಸೀಸ ಅರಳಲಿ, ಹಿಂದಿನ ಸೀಸ ಉಳಿದುಕೊಂಡು ನುಗ್ಗಲಿ ಅಂತ. 1948ರಿಂದ ಮಾರುಕಟ್ಟೆಯಲ್ಲಿದೆ, ಇವತ್ತಿಗೂ ಮಾರುತ್ತಾರೆ.

ಆಮೇಲೆ ಬಂದದ್ದು ಬಾಂಡೆಡ್ ಗುಂಡು. ಸೀಸವನ್ನು ತಾಮ್ರದ ಹೊದಿಕೆಗೆ ಬೆಸೆದಿರುತ್ತಾರೆ, ಅರಳಿದರೂ ಸೀಸ ಸುಲಭವಾಗಿ ಕಳಚಿಹೋಗುವುದಿಲ್ಲ. ಅಕ್ಯುಬಾಂಡ್, ಸ್ವಿಫ್ಟ್ ಸಿರಾಕೊ, ಫೆಡರಲ್‌ನ ಟರ್ಮಿನಲ್ ಅಸೆಂಟ್ ಎಲ್ಲ ಈ ಜಾತಿ. 40 ಗಜದಲ್ಲೂ ನಂಬಬಹುದು, 450 ಗಜದಲ್ಲೂ ನಂಬಬಹುದು. ಒಂದೇ ಗುಂಡು ಕಿಸೆಯಲ್ಲಿಟ್ಟುಕೊಂಡು ಬೆಟ್ಟ ಹತ್ತುವವರಿಗೆ ನನ್ನ ಮೊದಲ ಆಯ್ಕೆ ಇದು.

ಹೇಮಾವತಿ_ವೆಟ್ (ಕ್ಯಾಲಿಫೋರ್ನಿಯಾ)

ನಾನು ಬೇಟೆಯಾಡುವುದಿಲ್ಲ, ನಮ್ಮ ಮನೆಯವರು ಆಡುತ್ತಾರೆ. ನಾನು ಪಶುವೈದ್ಯೆ. ಕರಿಮಣ್ಣು ಅವರ ಅನುಭವ ಓದಿ ತಾಮ್ರದ ಗುಂಡೇ ಬೇಡ ಅಂತ ಯಾರೂ ನಿರ್ಧಾರ ಮಾಡಬಾರದು ಅಂತ ಬರೆಯುತ್ತಿದ್ದೇನೆ.

ಸೀಸದ ಗುಂಡು ಅರಳುವಾಗ ಸಣ್ಣ ಸಣ್ಣ ಚೂರು ಉದುರುತ್ತವೆ. ಎಕ್ಸ್‌ರೇಯಲ್ಲಿ ನೋಡಿದರೆ ಗಾಯದ ದಾರಿಯ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು, ಕೆಲವು ದಾರಿಯಿಂದ ಸಾಕಷ್ಟು ದೂರ. ಬೇಟೆಗಾರರು ಬಿಟ್ಟುಹೋಗುವ ಕರುಳಿನ ರಾಶಿಯನ್ನು ತಿನ್ನುವುದು ಹದ್ದು, ಕಾಗೆ, ಕಾಂಡೋರ್ (ಇಲ್ಲಿನ ದೊಡ್ಡ ರಣಹದ್ದು). 1982ರಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ಜಗತ್ತಿನಲ್ಲಿ ಉಳಿದಿದ್ದದ್ದೇ 22. ಹಿಡಿದು ಸಾಕಿ ಮರಿ ಮಾಡಿಸಿ ಕಾಡಿಗೆ ಬಿಟ್ಟ ಮೇಲೂ ಅವುಗಳನ್ನು ಹೆಚ್ಚು ಕೊಲ್ಲುತ್ತಿರುವುದು ಸೀಸದ ವಿಷ. ಅದಕ್ಕೇ ಇಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ನಮ್ಮ ರಾಮದೇವರಬೆಟ್ಟದ ರಣಹದ್ದುಗಳ ಕಥೆ ಬಲ್ಲವರಿಗೆ ಇದು ಬೇಗ ಅರ್ಥ ಆಗುತ್ತದೆ. ಅಲ್ಲಿ ದನಕ್ಕೆ ಕೊಟ್ಟ ಡೈಕ್ಲೋಫೆನಾಕ್, ಇಲ್ಲಿ ಸೀಸ. ಎರಡೂ ಕಡೆ ಸತ್ತ ಪ್ರಾಣಿಯ ಮೈಯಿಂದಲೇ ಹಕ್ಕಿಗೆ ಹೋದದ್ದು.

ನಮ್ಮ ಮನೆಯವರು ತಾಮ್ರದ ಗುಂಡನ್ನೇ ಬಳಸುವುದು. ಒಂದು ಅಳತೆ ಹಗುರದ್ದು ತಗೊಂಡು ವೇಗ ಹೆಚ್ಚಿಸಿಕೊಳ್ಳುತ್ತಾರೆ, ದೂರವನ್ನು 350 ಗಜಕ್ಕೆ ನಿಲ್ಲಿಸುತ್ತಾರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಮಾಂಸದಲ್ಲಿ ಸೀಸದ ಚೂರು ಇರಬಹುದು ಎಂಬ ಭಯವೂ ಇಲ್ಲ.

ಕರಿಮಣ್ಣು

ಅಕ್ಕಾರ, ನೀವು ಹೇಳಿದ್ದು ಖರೇ. ತಪ್ಪು ತಾಮ್ರದ್ದಲ್ಲ, ಅದನ್ನ ಅದರ ವೇಗ ಮೀರಿದ ದೂರಕ್ಕ ಒಯ್ದದ್ದು ನಂದು. ಈಗ ನಾನೂ .30-06ರಾಗ 165 ಗ್ರೇನ್ ತಾಮ್ರದ್ದ ಬಳಸೋದು, 300 ಗಜದ ಒಳಗ.

ತೂಕಬಟ್ಟು

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುವೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕಕ್ಕೆ ಗುಂಡು ಉದ್ದ ಆಗುತ್ತದೆ. ಉದ್ದದ ಗುಂಡು ನೆಟ್ಟಗೆ ಹಾರಬೇಕಾದರೆ ನಳಿಗೆಯೊಳಗಿನ ಗೀರುಗಳ ತಿರುಚು (ಗುಂಡನ್ನು ಗಿರಗಿರ ತಿರುಗಿಸುವುದು ಅದೇ) ಬಿಗಿಯಾಗಿರಬೇಕು. .300 ವಿನ್ ಮ್ಯಾಗ್ ಸಾಮಾನ್ಯವಾಗಿ ಹತ್ತು ಅಂಗುಲಕ್ಕೆ ಒಂದು ಸುತ್ತು. .300 ಪಿಆರ್‌ಸಿಯಲ್ಲಿ ಎಂಟು, ಎಂಟೂವರೆ. ಹಳೆಯ 7ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ನಳಿಗೆಗಳು ಒಂಬತ್ತೂವರೆ, ಈಗಿನ ಅತಿ ಉದ್ದದ ಗುಂಡುಗಳನ್ನು ಅವು ನೆಟ್ಟಗೆ ಹಿಡಿಯುವುದಿಲ್ಲ. ಸೆಕೆಂಡ್ ಹ್ಯಾಂಡ್ ರೈಫಲ್ ತೆಗೆದುಕೊಳ್ಳುವಾಗ ಇದನ್ನು ಕೇಳದೆ ದುಡ್ಡು ಕೊಡಬೇಡಿ.

ಮ್ಯಾಗ್ನಮ್ ತೋಟಾದ ಬುಡದ ಬೆಲ್ಟ್ ಬಗ್ಗೆ ಕೇಳುವಿರಿ ಅಂತ ಗೊತ್ತು, ಮೊದಲೇ ಹೇಳಿಬಿಡುತ್ತೇನೆ. .300 ವಿನ್ ಮ್ಯಾಗ್ 1963ರದ್ದು. ಅದರ ಬುಡದಲ್ಲಿ ಒಂದು ಪಟ್ಟಿ ಇದೆ, ಅದು ಹಾಲೆಂಡ್ ಆಂಡ್ ಹಾಲೆಂಡ್‌ನವರ ಹಳೆಯ ತೋಟಾಗಳಿಂದ ಬಂದ ಬಳುವಳಿ. ಇಳಿಜಾರು ಭುಜದ ತೋಟಾ ನಳಿಗೆಯ ಬುಡದ ಕೋಣೆಯೊಳಗೆ ಸರಿಯಾಗಿ ನಿಲ್ಲಲಿ ಅಂತ ಅವರು ಇಟ್ಟದ್ದು. ವಿನ್ ಮ್ಯಾಗ್‌ನ ಭುಜ ಕಡಿದಾಗಿದೆ, ಅದಕ್ಕೆ ಪಟ್ಟಿಯ ಅಗತ್ಯವೇ ಇರಲಿಲ್ಲ. ಕತ್ತೂ ಗಿಡ್ಡ. ಉದ್ದದ ಗುಂಡು ಕೂರಿಸಿದರೆ ಅದು ಮದ್ದಿನ ಜಾಗಕ್ಕೆ ಇಳಿಯುತ್ತದೆ. ಈ ಎರಡನ್ನೂ ಸರಿಮಾಡಿದ್ದು ಹಾರ್ನಡಿಯವರ 2018ರ .300 ಪಿಆರ್‌ಸಿ. ಕಾಗದದ ಮೇಲೆ ಅದೇ ಉತ್ತಮ. ಆದರೆ ಸಣ್ಣ ಊರಿನ ಅಂಗಡಿಗಳಲ್ಲಿ ನಾನು ಹೆಚ್ಚು ಕಂಡಿರುವುದು .300 ವಿನ್ ಮ್ಯಾಗ್ ಪೆಟ್ಟಿಗೆಗಳನ್ನೇ. ವಿಮಾನದಲ್ಲಿ ತೋಟಾ ಚೀಲ ಬಾರದೆ ಹೋದವರಿಗೆ ಇದರ ಬೆಲೆ ಗೊತ್ತು.

ಮಡಿಕೇರಿ_ಮಾವ

ಮೋನೆ, ನಾನು ಅಮೆರಿಕಕ್ಕೆ ಬಂದವನಲ್ಲ. ಮಗಳ ಮನೆಗೆ ಒಂದು ಸಲ ಬಂದಿದ್ದೆ ಅಷ್ಟೆ. ಇಲ್ಲಿ ಶಿಕಾರಿ ನಿಂತು ಎಷ್ಟೋ ಕಾಲ ಆಯಿತು, 1972ರ ಕಾಯ್ದೆ ಬಂದ ಮೇಲೆ ಕೋವಿ ಇರುವುದು ಪೂಜೆಗೆ, ಸ್ಪರ್ಧೆಗೆ, ತೋಟದ ಕಾವಲಿಗೆ. ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಗುರಿ ಹೇಳಿಕೊಟ್ಟು ನಲವತ್ತು ವರ್ಷ ಆಗಿದೆ, ಅದರಿಂದ ಒಂದು ಮಾತು.

ದೊಡ್ಡ ತೋಟಾದ ಒದೆತವನ್ನು ಯಾರೂ ಇಲ್ಲಿ ಎತ್ತಿಲ್ಲ. ಹುಡುಗರು ಭುಜ ನೋಯುತ್ತದೆ ಅಂತ ಹೇಳಲು ನಾಚುತ್ತಾರೆ. ನೋವು ದೊಡ್ಡದಲ್ಲ. ಮುಂದಿನ ಈಡಿಗೆ ಮೈ ಅದನ್ನು ನೆನಪಿಟ್ಟುಕೊಂಡು, ಟ್ರಿಗರ್ ಎಳೆಯುವ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತದೆ, ನಳಿಗೆ ಕೆಳಗೆ ಬಾಗುತ್ತದೆ. ಹೊಡೆಯುವವನಿಗೆ ಗೊತ್ತೇ ಆಗುವುದಿಲ್ಲ, ಶಬ್ದದಲ್ಲಿ ಮುಚ್ಚಿಹೋಗುತ್ತದೆ. ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊ. ಅವರು ನಿನಗೆ ತಿಳಿಯದಂತೆ ಕೆಲವು ಸಲ ಡಮ್ಮಿ ತೋಟಾ ಹಾಕಿ ಕೊಡಲಿ. ಸದ್ದು ಬಾರದಾಗ ನಳಿಗೆ ಅಲ್ಲಾಡಿತೋ ಇಲ್ಲವೋ ಅವರು ನೋಡಲಿ. ಅಲ್ಲಾಡಿದರೆ ಆ ರೈಫಲ್ ನಿನಗೆ ದೊಡ್ಡದು. ನಾನು ಒಳ್ಳೊಳ್ಳೆ ಗುರಿಕಾರರ ನಳಿಗೆ ಹೀಗೆ ಒಂದು ಅಂಗುಲ ಬಾಗುವುದನ್ನು ಕಂಡಿದ್ದೇನೆ.

ತೂಕಬಟ್ಟು

ಮಾವ ಹೇಳಿದ್ದನ್ನು ಅಂಕಿಯಲ್ಲಿ ಹೇಳುವುದಾದರೆ, ಬೇಟೆಗೆ ಹೊರುವ ತೂಕದ ರೈಫಲ್‌ನಲ್ಲಿ .30-06ರ ಒದೆತ ಸುಮಾರು 20 ಅಡಿ-ಪೌಂಡ್, .300 ವಿನ್ ಮ್ಯಾಗ್ 25ರಿಂದ 30, .338 ವಿನ್ ಮ್ಯಾಗ್ 30ರ ಮೇಲೆ, .338 ಲಾಪುವಾ 40ರ ಹತ್ತಿರ. ನಳಿಗೆಯ ಮೂತಿಗೆ ಬ್ರೇಕ್ (ಹೊರಬರುವ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ತುಂಡು) ಹಾಕಿದರೆ ಒದೆತ ಬಹಳ ಇಳಿಯುತ್ತದೆ, ಆದರೆ ಪಕ್ಕದಲ್ಲಿ ನಿಂತವರ ಕಿವಿ ಹೋಗುತ್ತದೆ. ನಿಮ್ಮದೂ ಹೋಗುತ್ತದೆ. ಬೇಟೆಯಲ್ಲೂ ಕಿವಿಗೆ ರಕ್ಷಣೆ ಇಲ್ಲದೆ ಬ್ರೇಕ್ ಇರುವ ಮ್ಯಾಗ್ನಮ್ ಹೊಡೆಯಬೇಡಿ. ರೈಫಲ್ ಭಾರ ಮಾಡಿ ಒದೆತ ಇಳಿಸೋಣ ಅಂದರೆ ನಮ್ಮ ಐಡಾಹೊದಲ್ಲಿ ಸ್ಕೋಪು ಪಟ್ಟಿ ಎಲ್ಲ ಸೇರಿ 16 ಪೌಂಡ್ ದಾಟಿದ ಕೋವಿ ದೊಡ್ಡ ಬೇಟೆಗೆ ಕಾನೂನುಬಾಹಿರ.

ಹೊಸಬ_ಡೆನ್ವರ್

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ನಾನು ರೈಫಲ್ ಮುಟ್ಟಬಹುದಾ? ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಗಾಳಿಮಾತು_ವಯೋಮಿಂಗ್

ಒಳ್ಳೆಯ ಪ್ರಶ್ನೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಮೊದಲು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿ (ಕೊಲೊರಾಡೊದಲ್ಲಿ 1949ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರಿಗೆಲ್ಲ ಕಡ್ಡಾಯ), ಲೈಸೆನ್ಸ್ ತಗೊಳ್ಳಿ, ಅದರ ಅವಧಿ ಮುಗಿಯದ ಹಾಗೆ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ದುಡ್ಡು ಖರ್ಚು ಮಾಡುವ ಮೊದಲು ವಕೀಲರನ್ನು ಒಂದು ಮಾತು ಕೇಳಿ, ವೀಸಾ ವಿಷಯ ಹಗುರವಾದದ್ದಲ್ಲ.

ಕರಿಮಣ್ಣು ಅಣ್ಣನಿಗೆ: ನಿಮ್ಮ ಕಥೆ ಓದಿ ಮನಸ್ಸು ಭಾರ ಆಯಿತು. ಆದರೆ ಅದು ಗುಂಡಿನ ಆಯ್ಕೆಯ ತಪ್ಪು ಅಂತ ನೀವೇ ಹೇಳಿದ್ದೀರಿ. ಸರಿಯಾದ ಗುಂಡಿದ್ದರೆ 780 ಗಜ ತಪ್ಪಲ್ಲ ಅಂತಲೇ ನನ್ನ ನಿಲುವು.

ಕರಿಮಣ್ಣು

ಇರಬಹುದ್ರಿ. ಆದ್ರ ಒಂದು ಕೇಳತೀನಿ. ನಿಮ್ಮ ಗುಂಡು 800 ಗಜ ಮುಟ್ಟಾಕ ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ಮೇಯೋ ಎಲ್ಕ್ ಒಂದು ಸೆಕೆಂಡಿನಾಗ ಒಂದು ಹೆಜ್ಜಿ ಮುಂದ ಇಡತದ. ನೀವು ಟ್ರಿಗರ್ ಎಳದಾಗ ಶ್ವಾಸಕೋಶ ಇದ್ದ ಜಾಗಕ್ಕ ಗುಂಡು ಮುಟ್ಟೋ ಹೊತ್ತಿಗೆ ಹೊಟ್ಟಿ ಬಂದಿರತದ. ಇದನ್ನ ಯಾವ ಫೋನು ಹೇಳತದ? ನನಗ ಇದಕ್ಕ ಇನ್ನೂ ಉತ್ತರ ಸಿಕ್ಕಿಲ್ಲ.

ಗಾಳಿಮಾತು_ವಯೋಮಿಂಗ್

ಪ್ರಾಣಿ ಮಲಗಿದ್ದಾಗ, ಅಥವಾ ತಲೆ ತಗ್ಗಿಸಿ ನಿಂತು ಮೇಯುತ್ತಿರುವಾಗ ಮಾತ್ರ ಹೊಡೆಯುತ್ತೇನೆ. ಆದರೂ ನೀವು ಹೇಳಿದ ಒಂದು ಸೆಕೆಂಡ್ ನನ್ನ ಕೈಯಲ್ಲಿಲ್ಲ, ಒಪ್ಪುತ್ತೇನೆ.

ತೂಕಬಟ್ಟು

ಗಾಳಿಯೂ ಯಾರ ಕೈಯಲ್ಲೂ ಇಲ್ಲ. 200 ಗ್ರೇನ್ ಗುಂಡು, 500 ಗಜ, ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ. ಸಮುದ್ರ ಮಟ್ಟದಲ್ಲಿ 40 ಸೆಂಟಿಮೀಟರ್ ಪಕ್ಕಕ್ಕೆ ಒಯ್ಯುತ್ತದೆ, ಬೆಟ್ಟದ ತೆಳು ಗಾಳಿಯಲ್ಲಿ 30ರ ಸುಮಾರು. ಗುಂಡು ಕೆಳಗಿಳಿಯುವುದು ಲೆಕ್ಕಕ್ಕೆ ಸಿಗುತ್ತದೆ: 200 ಗಜಕ್ಕೆ ಗುರಿ ಹೊಂದಿಸಿದ್ದರೆ 500 ಗಜದಲ್ಲಿ ಹತ್ತಿರ ಹತ್ತಿರ ಒಂದು ಮೀಟರ್ ಕೆಳಗೆ, ಪ್ರತಿ ಸಲ ಅಷ್ಟೇ. ಗಾಳಿ ಹಾಗಲ್ಲ. ನೀವು ನಿಂತಲ್ಲಿ ಎಡದಿಂದ, ಕಣಿವೆಯ ನಡುವೆ ಕೆಳಗಿನಿಂದ, ಎಲ್ಕ್ ಹತ್ತಿರ ಬಲದಿಂದ ಬೀಸುತ್ತಿರಬಹುದು. ನಿಮ್ಮ ಕೈಯಲ್ಲಿರುವ ಮಾಪಕ ಅಳೆಯುವುದು ನಿಮ್ಮ ಮೂಗಿನ ಮುಂದಿನ ಗಾಳಿಯನ್ನು ಮಾತ್ರ.

ಬೂನ್ ಆಂಡ್ ಕ್ರಾಕೆಟ್ ಕ್ಲಬ್ (1887ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಕಟ್ಟಿದ್ದು) ದೂರದ ಹೊಡೆತ ಅನ್ನುವುದನ್ನು ಗಜದಲ್ಲಿ ಅಳೆಯುವುದಿಲ್ಲ, ಹೊಡೆಯುವವನ ಉದ್ದೇಶದಲ್ಲಿ ಅಳೆಯುತ್ತದೆ. ತನ್ನ ಸಾಧನ, ತನ್ನ ಗುರಿ ಪರೀಕ್ಷೆ ಮಾಡಲು ಪ್ರಾಣಿಗೆ ಹೊಡೆದರೆ ಅದನ್ನು ಬೇಟೆ ಅನ್ನಲಾಗದು ಅನ್ನುವುದು ಅವರ ನಿಲುವು. ನಾನು ಅದನ್ನು ಒಪ್ಪುತ್ತೇನೆ.

ಕಿಗ್ಗಟ್ಟುನಾಡು, ನಿಮಗೆ ಒಂದು ಕೆಲಸ. 25 ಸೆಂಟಿಮೀಟರ್‌ನ ಊಟದ ತಟ್ಟೆಯಷ್ಟು ಗುರಿ ಇಡಿ. ಬೆಂಚು ಬೇಡ. ಬೆನ್ನಿನ ಚೀಲ ಕೆಳಗಿಟ್ಟು, ಗುಡ್ಡ ಹತ್ತಿ ಏದುಸಿರು ಬಿಡುತ್ತಾ ಬಂದು, ತಣ್ಣನೆಯ ನಳಿಗೆಯಿಂದ ಒಂದೇ ಈಡು. ಬೇರೆ ಬೇರೆ ದಿನ, ಬೇರೆ ಬೇರೆ ಗಾಳಿಯಲ್ಲಿ ಹತ್ತು ಸಲ. ಹತ್ತರಲ್ಲಿ ಒಂಬತ್ತು ತಟ್ಟೆಗೆ ಬೀಳುವ ದೂರವೇ ನಿಮ್ಮ ದೂರ. ಆಮೇಲೆ ತೋಟಾ ಖರೀದಿಗೆ ಬನ್ನಿ.

ಕಿಗ್ಗಟ್ಟುನಾಡು (ನವೆಂಬರ್)

ಬರೆಯುವುದು ತಡವಾಯಿತು. ನಡೆದದ್ದು ಹೇಳುತ್ತೇನೆ.

ಬೇಸಿಗೆಯಲ್ಲಿ ಹತ್ತಿರದ ಪಾನೀ ಹುಲ್ಲುಗಾವಲಿನ ಗುರಿಮೈದಾನಕ್ಕೆ ವಾರವಾರ ಹೋದೆ. ಗೆಳೆಯನ .338 ಲಾಪುವಾ ಎರಡು ದಿನ ಹೊಡೆದೆ. ಮಾವ ಹೇಳಿದ ಡಮ್ಮಿ ತೋಟಾ ಪರೀಕ್ಷೆಯಲ್ಲಿ ನಳಿಗೆ ಪ್ರತಿ ಸಲ ಬಾಗಿತು, ಹೆಂಡತಿ ಫೋನಲ್ಲಿ ವಿಡಿಯೋ ಮಾಡಿ ತೋರಿಸಿದಳು. ವಾಪಸ್ ಕೊಟ್ಟೆ. ಸೆಕೆಂಡ್ ಹ್ಯಾಂಡ್ .300 ವಿನ್ ಮ್ಯಾಗ್ ತಗೊಂಡೆ, 200 ಗ್ರೇನ್ ಅಕ್ಯುಬಾಂಡ್. ಮೊದಮೊದಲು ಅದರಲ್ಲೂ ಬಾಗುತ್ತಿತ್ತು, ಆಗಸ್ಟ್ ಹೊತ್ತಿಗೆ ನಿಂತಿತು. ತಟ್ಟೆಯ ಲೆಕ್ಕ: 400 ಗಜದಲ್ಲಿ ಹತ್ತಕ್ಕೆ ಒಂಬತ್ತು. 500ರಲ್ಲಿ ಆರು, ತಪ್ಪಿದ ನಾಲ್ಕೂ ಗಾಳಿಯಿಂದ. ಕಾಗದದಲ್ಲಿ "400" ಅಂತ ಬರೆದು ರೈಫಲ್ ಹಿಡಿಕೆಗೆ ಅಂಟಿಸಿದೆ.

ಮೊದಲ ದಿನವೇ ಅದೇ ಇಳಿಜಾರು, 590 ಗಜ. ಹೊಡೆಯಲಿಲ್ಲ. ಬಳಸಿಕೊಂಡು ಹೋಗೋಣ ಅಂತ ಹಳ್ಳಕ್ಕೆ ಇಳಿದೆ, ಗಾಳಿ ತಿರುಗಿ ವಾಸನೆ ಸಿಕ್ಕಿತು, ಎಲ್ಲ ಓಡಿದವು. ಅಂದು ತುಂಬಾ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮೂರು ದಿನ ಏನೂ ಇಲ್ಲ. ಐದನೇ ದಿನ ಸಂಜೆ ಜೂನಿಪರ್ ಪೊದೆಗಳ ನಡುವೆ ಹೆಣ್ಣೊಂದು ಅಡ್ಡ ನಿಂತಿತ್ತು, 340 ಗಜ, ಹುಲ್ಲು ಅಲ್ಲಾಡುತ್ತಿರಲಿಲ್ಲ. ಚೀಲದ ಮೇಲೆ ರೈಫಲ್ ಇಟ್ಟು ಒಂದೇ ಈಡು. ನಲವತ್ತು ಹೆಜ್ಜೆ ನಡೆದು ಕೂತಿತು, ತಲೆ ವಾಲಿಸಿತು. ನಾನು ಸ್ವಲ್ಪ ಹೊತ್ತು ಎದ್ದು ಹೋಗಲಿಲ್ಲ, ಕೈ ನಡುಗುತ್ತಿತ್ತು.

ಸುಲಿಯುವಾಗ ಆಚೆ ಪಕ್ಕದ ತೊಗಲಿನ ಕೆಳಗೆ ಗುಂಡು ಸಿಕ್ಕಿತು. ಒಳಗೆ ಹೋಗುವಾಗ ಒಂದು ಪಕ್ಕೆಲುಬು ಮುರಿದಿತ್ತು, ಎರಡೂ ಶ್ವಾಸಕೋಶ ದಾಟಿತ್ತು. ತೊಳೆದು ತೂಗಿದೆ, 138 ಗ್ರೇನ್ ಉಳಿದಿದೆ. ತುದಿ ಹಿಂದಕ್ಕೆ ಮಡಚಿ ದಾಸವಾಳ ಬಿರಿದ ಹಾಗಿದೆ, ದಳಗಳ ನಡುವೆ ಸೀಸ ಹಾಗೇ ಅಂಟಿಕೊಂಡಿದೆ. ಕರುಳಿನ ರಾಶಿಯನ್ನು ಹೇಮಾವತಿ ಮೇಡಂ ಮಾತು ನೆನಪಾಗಿ ಆಳಕ್ಕೆ ಹೂತೆ, ಮೇಲೆ ಕಲ್ಲಿಟ್ಟೆ. ಮುಂದಿನ ವರ್ಷ ತಾಮ್ರದ 180 ಗ್ರೇನ್ ಪ್ರಯತ್ನಿಸಬೇಕು ಅಂತಿದೆ.

ಕರಿಮಣ್ಣು

ಶಾಬಾಶ್ ತಮ್ಮ. 138 ಅಂದ್ರ ನೂರಕ್ಕ 69, ಬಾಂಡೆಡ್ ಗುಂಡಿಗೆ ಇದು ಸರಿಯಾದ ತೂಕ. ಆ ಗುಂಡು ಕಳಕೋಬ್ಯಾಡ, ಡಬ್ಬಿಯಾಗ ಇಟ್ಟುಕೋ. ನನ್ನ ಹತ್ರ ನನ್ನ ಗುಂಡು ಇಲ್ಲ, ಅದು ಆ ಗುಡ್ಡದಾಗ ಎಲ್ಲೋ ಹೋತು.

ಮಡಿಕೇರಿ_ಮಾವ

ಕೇಳಿ ಸಂತೋಷ ಆಯಿತು ಮೋನೆ. ಮಾಂಸ ಹೇಗೆ ಮಾಡಿದಿರಿ? ಕಡವೆಯ ಹಾಗೆ ಅದಕ್ಕೂ ಕೊಬ್ಬು ಇರುವುದಿಲ್ಲ. ಪಂದಿ ಕರಿಯ ಮಸಾಲೆ ಹಾಕುವುದಾದರೆ ಸ್ವಲ್ಪ ಹಂದಿ ಕೊಬ್ಬು ಸೇರಿಸದೆ ಇದ್ದರೆ ಒಣಗಿಹೋಗುತ್ತದೆ. ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಕೊನೆಗೆ ಹಾಕಬೇಕು.

ಕಿಗ್ಗಟ್ಟುನಾಡು

ಅಮ್ಮ ಕಳಿಸಿದ ಕಾಚಂಪುಳಿ ಬಾಟಲಿ ಇದೆ ಮಾವ. ಇನ್ನೂ ಬೇಯಿಸಿಲ್ಲ. ಇಲ್ಲಿನ ಜಿಂಕೆ ಎಲ್ಕ್‌ಗಳಲ್ಲಿ ಸಿಡಬ್ಲ್ಯುಡಿ ಅಂತ ಮಿದುಳಿನ ರೋಗ ಒಂದಿದೆ, ತಲೆಯನ್ನು ಪರೀಕ್ಷೆಗೆ ಕೊಟ್ಟು ಫಲಿತಾಂಶ ಬರುವ ತನಕ ಮಾಂಸ ಫ್ರೀಜರ್‌ನಲ್ಲೇ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಬಂತು, ರೋಗ ಇಲ್ಲ. ಕೊಬ್ಬು ತರಲು ಈಗಲೇ ಅಂಗಡಿಗೆ ಹೊರಟೆ.